ಒಂದೇ ಕೊಕ್ಕೆಗೆ ಎರಡು ಬೀಗದ ಕೈ

ಹಾಸ್ಟೆಲು, ಎರಡನೇ ಮಹಡಿ
ಭಾನುವಾರ, ಊಟವಾದ ಮೇಲೆ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನನ್ನ ಬಂಗಾರಿಗೆ,

ನಿನ್ನ ಕಾಗದ ಬಂತು. ‘ಸಾಕಮ್ಮ, ಈ ವಯಸ್ಸಲ್ಲಿ ಬಕೆಟ್ ಹಿಡ್ಕೊಂಡು ಹುಡುಗೀರ ಹಿಂದೆ ಸಾಲು ನಿಲ್ಲೋ ಕರ್ಮ ನಿನಗ್ಯಾಕೆ, ಬಂದ್ಬಿಡು’ ಅಂತ ಬರೆದಿದ್ದೀಯಲ್ಲ, ಓದಿ ಮೊದಲು ನಗು ಬಂತು, ಆಮೇಲೆ ಅಳು ಬಂತು. ಫೋನಿನಲ್ಲಿ ಹೇಳೋಣವೆಂದರೆ ನನ್ನ ಮಾತು ಮುಗಿಯುವ ಮುಂಚೆಯೇ ‘ಹೂಂ ಹೂಂ, ಇಡ್ತೀನಿ’ ಅನ್ನುವವಳು ನೀನು. ಕಾಗದವಾದರೆ ನಡುವೆ ಬಾಯಿ ಹಾಕುವ ಹಾಗಿಲ್ಲ. ತೆಪ್ಪಗೆ ಕೂತು ಓದು. ಪರೀಕ್ಷೆ ಏನಾಯ್ತು ಅಂತ ಎರಡು ಕಡೆ ಕೇಳಿದ್ದೀಯ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಬೂಷ್ಟಿನ ಕಥೆ ಕೇಳು.

ನನ್ನ ಕೋಣೆಯ ಹುಡುಗಿ ಜೀವಶಾಸ್ತ್ರದವಳು ಅಂತ ಹಿಂದೆ ಬರೆದಿದ್ದೆ. ಹತ್ತೊಂಬತ್ತು ವರ್ಷ, ಕಡ್ಡಿಯ ಹಾಗಿದ್ದಾಳೆ, ಮಾತು ಮಾತ್ರ ಪಟಪಟ. ಕೋಣೆ ಎಷ್ಟು ಅಂತೀಯ, ಎರಡು ಮಂಚದ ನಡುವೆ ಒಬ್ಬರು ನಿಂತರೆ ಇನ್ನೊಬ್ಬರು ಮಂಚ ಹತ್ತಿ ಕೂರಬೇಕು. ಅಷ್ಟರಲ್ಲೇ ಅವಳ ಬಟ್ಟೆ, ಪುಸ್ತಕ, ಗಾಜಿನ ತಟ್ಟೆ, ಒಂಟಿ ಕಾಲುಚೀಲ. ಶಿಶುವಿಹಾರದಲ್ಲಿ ಇಷ್ಟು ವರ್ಷ ಕಂಡವರ ಮಕ್ಕಳ ಹಿಂದೆ ಗುಡಿಸಿ ಒರೆಸಿ ಬಂದ ಕೈ ನನ್ನದು, ಸುಮ್ಮನಿರುತ್ತದೆಯೇ? ಹೋದ ತಿಂಗಳು ಅವಳು ತರಗತಿಗೆ ಹೋದಾಗ ಸೆರಗು ಸಿಕ್ಕಿಸಿ ನಿಂತೆ. ಅವಳ ಮಂಚದ ಕೆಳಗೆ ಒಂದು ಡಬ್ಬಿ. ಮುಚ್ಚಳ ತೆಗೆದರೆ, ಅಯ್ಯಯ್ಯಪ್ಪಾ, ಹಸಿರು, ಕಪ್ಪು, ಬಿಳಿ ಬೂಷ್ಟು ಹಿಡಿದ ಬ್ರೆಡ್ಡು! ಪಾಪದ ಮಗು, ತಿಂಡಿ ಇಟ್ಟು ಮರೆತಿದೆ ಅಂದುಕೊಂಡೆ. ಮೂಗು ಮುಚ್ಚಿಕೊಂಡು ಹೋಗಿ ಸುರಿದು, ಡಬ್ಬಿಯನ್ನು ಬಿಸಿ ನೀರಿನಲ್ಲಿ ಉಜ್ಜಿ, ಬಿಸಿಲಿಗೆ ಬೋರಲು ಹಾಕಿದೆ. ಪಳಪಳ ಹೊಳೆಯುತ್ತಿತ್ತು, ನೋಡಬೇಕಿತ್ತು ನೀನು.

ಅವಳು ಬಂದು ನೋಡಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅದು ತಿಂಡಿಯಲ್ಲವಂತೆ ಕಣೇ, ಪಾಠವಂತೆ! ಮೇಷ್ಟರಿಗೆ ತೋರಿಸಲು ವಾರಗಟ್ಟಲೆ ನೀರು ಚಿಮುಕಿಸಿ ಬೆಳೆಸಿದ್ದ ಬೂಷ್ಟಂತೆ. ‘ಆಂಟಿ, ಇದು ನಿಮ್ಮ ಮನೆ ಅಲ್ಲ’ ಅಂದಳು. ಅಷ್ಟೇ. ಅದಾದ ಮೇಲೆ ನನ್ನ ಹತ್ತಿರ ಮಾತು ಬಿಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸುದ್ದಿ ಇಡೀ ಮಹಡಿಗೆ ಹಬ್ಬಿತು. ಮೊದಲ ವರ್ಷದವಳು ಅಂತ ಹುಡುಗಿಯರೆಲ್ಲ ನನ್ನನ್ನು ‘ಜೂನಿಯರ್ ಅಮ್ಮ’ ಅನ್ನುವುದು ನಿನಗೆ ಗೊತ್ತಲ್ಲ. ಈಗ ನಾನು ಬಚ್ಚಲ ಕಡೆ ಹೊರಟರೆ ಸಾಕು, ‘ಜೂನಿಯರ್ ಅಮ್ಮ ಬಂದ್ರು, ಸೋಪಿನ ಚೂರೂ ಬಚ್ಚಿಟ್ಕೊಳ್ರೇ’ ಅಂತ ಕೂಗುವುದು. ನಾನೂ ಅವರ ಜೊತೆ ನಕ್ಕೆ. ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.

ಆಮೇಲೊಂದು ದಿನ ಅವಳು ಹೊಸ ಬ್ರೆಡ್ಡಿನ ತುಂಡು ತಂದು ಅದೇ ಡಬ್ಬಿಗೆ ಹಾಕಿದಳು. ನಾನು ಕೇಳದೆ ಇದ್ದರೂ ಗೋಡೆಯ ಕಡೆ ಮುಖ ಮಾಡಿ, ‘ದಿನಾ ಸ್ವಲ್ಪ ನೀರು ಚಿಮುಕಿಸಬೇಕು, ಬಿಸಿಲು ಬೀಳಬಾರದು’ ಅಂದಳು. ಗೋಡೆಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಅವಳು ಅಕ್ಕನ ಮನೆಗೆ ಹೋದ ವಾರ ನೀರು ಚಿಮುಕಿಸಿದವಳು ನಾನೇ. ಗುಡಿಸುವಾಕೆ ಮಂಚದ ಕೆಳಗೆ ಪೊರಕೆ ಹಾಕಲು ಬಂದರೆ ಅಡ್ಡ ನಿಂತು, ‘ಮುಟ್ಟಬೇಡಮ್ಮಾ, ಅದು ಕಸ ಅಲ್ಲ’ ಅಂದೆ. ನನ್ನ ಬಾಯಲ್ಲಿ ಇಂಥ ಮಾತು! ನಿಮ್ಮಪ್ಪನಿಗೆ ಹೇಳು, ನಂಬುವುದಿಲ್ಲ. ಮೊದಲ ಬಿಳಿ ಚುಕ್ಕೆ ಕಂಡ ದಿನ ನಿನ್ನ ಮೊದಲ ಹಲ್ಲು ಕಂಡಷ್ಟೇ ಸಂತೋಷವಾಯಿತು ಕಣೇ.

ಈಗ ಬೀಗದ ಕೈಯ ವಿಷಯ. ವರ್ಷದ ಕೊನೆಗೆ ಇಲ್ಲೊಂದು ಪದ್ಧತಿ. ವಾರ್ಡನ್ ಕೋಣೆಯ ಹೊರಗೆ ಕೊಕ್ಕೆಗಳ ಹಲಗೆ ನೇತುಹಾಕುತ್ತಾರೆ. ಮುಂದಿನ ವರ್ಷ ಯಾರ ಜೊತೆ ಇರಬೇಕೋ ಅವರ ಬೀಗದ ಕೈಯ ಪಕ್ಕ, ಅದೇ ಕೊಕ್ಕೆಗೆ, ತಮ್ಮ ಕೈ ಸಿಕ್ಕಿಸಬೇಕು. ಸಂಜೆಯ ಹೊತ್ತಿಗೆ ಯಾವ ಕೈ ಒಂಟಿಯಾಗಿ ಉಳಿಯಿತೋ ಅವರು ಜಾಗ ಖಾಲಿ ಮಾಡಬೇಕು, ಹೊರಗೆ ಕಾಯುವವರು ಬಹಳ ಮಂದಿ. ಜಾಗ ಹೋದರೆ ನನಗೆ ಮನೆಯೇ ಗತಿ. ಡಿಗ್ರಿಯೂ ಅಲ್ಲಿಗೆ ಮುಗಿಯಿತು, ಶಿಶುವಿಹಾರದಲ್ಲಿ ಟೀಚರಾಗುವ ಆಸೆಯೂ ಮುಗಿಯಿತು, ಮತ್ತೆ ಅದೇ ಪೊರಕೆ.

ಶುಕ್ರವಾರ ಬೆಳಿಗ್ಗೆ ಹಲಗೆ ಬಂತು. ಹುಡುಗಿಯರು ಮೆಟ್ಟಿಲ ಮೇಲೆ ದಡದಡ ಓಡುತ್ತಿದ್ದರು. ನಾನು ಹೋಗಲಿಲ್ಲ. ಪೆಟ್ಟಿಗೆ ತೆಗೆದು ಬಟ್ಟೆ ಮಡಿಸತೊಡಗಿದೆ. ನಿನ್ನಿಂದ ಏನು ಮುಚ್ಚುಮರೆ, ಅಷ್ಟು ಹೊತ್ತಿಗೆ ಮನಸ್ಸು ಪೂರ್ತಿ ಸೋತಿತ್ತು. ನನ್ನ ವಯಸ್ಸಿನವಳ ಪಕ್ಕ ಯಾರು ತಾನೇ ಕೈ ಸಿಕ್ಕಿಸುತ್ತಾರೆ ಅನ್ನುವುದು ಒಂದು. ಇನ್ನೊಂದು ಕಾರಣವೂ ಇತ್ತು, ಇರಲಿ. ನೀನು ಕರೆದಿದ್ದೀಯಲ್ಲ, ನೆಪಕ್ಕೆ ಅಷ್ಟು ಸಾಕಾಗಿತ್ತು.

ಅಷ್ಟರಲ್ಲಿ ಅವಳು ಏದುಸಿರು ಬಿಡುತ್ತಾ ಒಳಗೆ ಬಂದಳು. ‘ಆಂಟಿ, ಆಗ್ಲಿಂದ ಕೆಳಗೆ ಕಾಯ್ತಾ ಇದೀನಿ, ನಿಮ್ಮ ಕೈ ಎಲ್ಲಿ?’ ಅಂದವಳು ಪೆಟ್ಟಿಗೆ ನೋಡಿ ನಿಂತಳು. ನಾನು ಹೊರಡುತ್ತೇನಮ್ಮ, ನೀನು ನಿನ್ನ ಓರಗೆಯವಳ ಜೊತೆ ಹಾಯಾಗಿರು ಅಂದೆ. ಅವಳಿಗೆ ಎಲ್ಲಿತ್ತೋ ಸಿಟ್ಟು, ಮಡಿಸಿಟ್ಟ ಸೀರೆಗಳನ್ನೆಲ್ಲ ಎತ್ತಿ ಮಂಚದ ಮೇಲೆ ಸುರಿದಳು. ‘ನೀವು ನನ್ನ ಬೂಷ್ಟೆಲ್ಲ ತೊಳೆದುಹಾಕಿದ್ರಲ್ಲ, ಆಗ ನಾನೇನ್ ಮಾಡ್ದೆ? ಊರಿಗೆ ಓಡಿಹೋದ್ನಾ? ಅತ್ಕೊಂಡೆ, ನಿಮ್ಮನ್ನ ಮನಸ್ಸಲ್ಲೇ ಬೈದೆ, ಇನ್ನೊಂದು ತುಂಡು ಬ್ರೆಡ್ ಇಟ್ಟೆ. ನೀವ್ಯಾಕೆ ಪೆಟ್ಟಿಗೆ ಕಟ್ತೀರಾ?’

ಬೀಗದ ಕೈ ನನ್ನ ಮುಷ್ಟಿಯಲ್ಲೇ ಇತ್ತು, ಬೆಳಗಿನಿಂದ ಹಿಡಿದುಕೊಂಡಿದ್ದಕ್ಕೆ ಅಂಗೈಯಲ್ಲಿ ಅಚ್ಚು ಮೂಡಿತ್ತು. ಇಬ್ಬರೂ ಕೆಳಗಿಳಿದೆವು. ಅವಳ ಕೈ ಆಗಲೇ ಕೊಕ್ಕೆಯಲ್ಲಿ ನೇತಾಡುತ್ತಿತ್ತು. ಅದರ ಪಕ್ಕ ನನ್ನದನ್ನು ಸಿಕ್ಕಿಸಿದೆ. ವಾರ್ಡನ್ ಕನ್ನಡಕದ ಮೇಲಿನಿಂದ ನೋಡಿ, ‘ಮತ್ತೆ ನೀವಿಬ್ಬರೇನಾ? ಮುಂದಿನ ವರ್ಷ ಏನು ತೊಳೆದುಹಾಕ್ತೀರಮ್ಮಾ?’ ಅಂದರು. ಹುಡುಗಿಯರು ಹೋ ಅಂತ ಕೂಗಿದರು. ನನಗೆ ನಾಚಿಕೆಯೂ ಆಯಿತು, ಹಿಗ್ಗೂ ಆಯಿತು.

ಹಾಗಾಗಿ, ಬಂಗಾರಿ, ಅಮ್ಮ ಬರುವುದು ರಜೆಗೆ ಮಾತ್ರ. ಕೋಪ ಮಾಡಿಕೋ, ಪರವಾಗಿಲ್ಲ, ಆದರೆ ಊಟ ಬಿಡಬೇಡ. ನೀನು ಕೋಣೆಯ ಬಾಗಿಲು ಹಾಕಿಕೊಂಡೇ ಇರುತ್ತೀಯ ಅಂತ ನಿಮ್ಮಪ್ಪ ಹೇಳಿದರು. ಒಂದು ಪೇಪರ್ ಹೋಯಿತು ಅಂತ ಕಾಲೇಜನ್ನೇ ಬಿಟ್ಟೆಯಲ್ಲ, ಆ ಮಾತು ಎತ್ತುವುದಿಲ್ಲ ಅಂತ ನಿನಗೆ ಮಾತು ಕೊಟ್ಟಿದ್ದೇನೆ. ನೋಡು, ಎತ್ತಿಯೇ ಬಿಟ್ಟೆ. ಬೈದುಕೋ. ನೀನು ಅಟ್ಟಕ್ಕೆ ಎಸೆದಿದ್ದ ಸಂಖ್ಯಾಶಾಸ್ತ್ರದ ಪುಸ್ತಕ ನನ್ನ ಹತ್ತಿರವೇ ಇದೆ, ನನಗೂ ಅದೇ ಪಾಠ. ಅಂಚಿನಲ್ಲಿ ನೀನು ಬರೆದ ಬೆಕ್ಕುಗಳನ್ನು ನೋಡಿದಾಗಲೆಲ್ಲ ನಿನ್ನ ನೆನಪಾಗುತ್ತದೆ. ಬಹಳ ನೆನಪಾಗುತ್ತದೆ ಕಣೇ.

ನಿಮ್ಮಪ್ಪನ ಶರಟಿನ ಗುಂಡಿ ಅವರೇ ಹೊಲಿದುಕೊಳ್ಳಲಿ, ಸೂಜಿ ಎಲ್ಲಿದೆ ಅಂತ ಮಾತ್ರ ತೋರಿಸು.

ನಿನ್ನ ಕೆನ್ನೆ ಹಿಂಡುತ್ತಾ,
ನಿನ್ನ ಅಮ್ಮ
(ಇಲ್ಲಿಯವರ ಪಾಲಿಗೆ ಜೂನಿಯರ್)

ತಾ.ಕ.: ಪರೀಕ್ಷೆಯ ವಿಷಯ ಮರೆತೆ ಅಂದರೆ ಸುಳ್ಳಾಗುತ್ತದೆ. ಉಳಿದದ್ದೆಲ್ಲ ಪಾಸು, ಸಂಖ್ಯಾಶಾಸ್ತ್ರ ಮಾತ್ರ ಫೇಲು, ನಿನ್ನ ಹಾಗೆಯೇ. ಪೆಟ್ಟಿಗೆ ಕಟ್ಟಲು ಇದ್ದ ಇನ್ನೊಂದು ಕಾರಣ ಅದು. ನಿನ್ನೆ ಹೋಗಿ ಮತ್ತೆ ಬರೆಯುತ್ತೇನೆ ಅಂತ ಹೆಸರು ಕೊಟ್ಟು ಬಂದೆ. ಪುಸ್ತಕದ ಏಳನೇ ಪಾಠದ ಪಕ್ಕ ನೀನು ಪೆನ್ಸಿಲಿನಲ್ಲಿ ‘ಒಂದಕ್ಷರವೂ ತಲೆಗೆ ಹೋಗ್ತಿಲ್ಲ’ ಅಂತ ಬರೆದಿದ್ದೀಯ. ಅದರ ಕೆಳಗೆ ‘ನನಗೂ’ ಅಂತ ಬರೆದಿದ್ದೇನೆ. ರಜೆಗೆ ಬರುವಾಗ ಪುಸ್ತಕ ತರುತ್ತೇನೆ. ಅಡುಗೆಮನೆಯ ಮೇಜಿನ ಮೇಲಿನ ಸಾಮಾನೆಲ್ಲ ತೆಗೆದಿಡು, ಇಬ್ಬರು ಕೂರಬೇಕು.