ಹುಬ್ಬಿನ ಹೂಂ

ಜನವರಿ 9
ಐದಕ್ಕೇ ಎದ್ದು ಮರಳು ಕೆರೆದೆ. ಮರುಭೂಮಿಯಲ್ಲಿ ಮಾಡಿಟ್ಟ ಈ ನಕಲಿ ಚಂದ್ರನ ನೆಲದಲ್ಲಿ ಹೆಜ್ಜೆ ಗುರುತು ಇರಬಾರದಂತೆ. ಮಾಮ ಬೈಕಿಯ, ನನ್ನ ಹಾಗೇ ಇಲ್ಲಿ ಕೂಲಿಗೆ ಬಂದವನು, ಬಿಳಿ ಸೂಟು ತೊಟ್ಟು, ಗಾಯಗೊಂಡ ಗಗನಯಾತ್ರಿಯ ಹಾಗೆ ಮಲಗಿದ. ರೋಬೋ ಗಸ್ ಬಂದು ಎತ್ತಬೇಕು. ಅದಕ್ಕೆ ಮನುಷ್ಯರ ಜೊತೆ ಮಾತಾಡಿ ಅಭ್ಯಾಸವಾಗಲಿ ಅಂತ.
"ನೋವಾಗ್ತಿದೆಯಾ?" ಅಂತ ಕೇಳಿತು.
"ನನ್ನ ಹೆಂಡ್ತಿನೂ ಇಷ್ಟು ಪ್ರೀತಿಯಿಂದ ಕೇಳಿಲ್ಲ ಕಣೋ!"
ಎಲ್ಲರೂ ನಕ್ಕರು. ನಾನು ಕುಂಟೆ ಹಿಡಿದು ನಿಂತಿದ್ದೆ.

ಜನವರಿ 11
ಗಸ್ ಎಲ್ಲರ ತಲೆ ತಿನ್ನುತ್ತದೆ — ನೀರು ಬೇಕಾ, ಎತ್ತಲಾ. ಎಂಜಿನಿಯರ್ ಮರೀ ಹೊಸ ಪಾಠ ಹೇಳಿದಳು: "ಮೂರು ಸಲ ಕೇಳು. ನಿನ್ನ ಮುಖ ನೋಡ್ಕೊಂಡೂ ಸುಮ್ನಿದ್ರೆ ಬೇಡ ಅಂತ. ಅವರ ಪಾಡಿಗೆ ಬಿಟ್ಬಿಡು."
ನಮ್ಮ ಕಿರಿಬಾಟಿ ದ್ವೀಪದವರಿಗೆ ಹೂಂ ಅನ್ನಲು ಬಾಯಿ ಬೇಡ. ಹುಬ್ಬು ಎತ್ತಿದರೆ ಸಾಕು. ಆಮೇಲೆ ಗಸ್ ನನ್ನನ್ನೇ ಕೇಳಿತು, "ಮೂಟೆ ಹೊರಲಾ?" ಹುಬ್ಬೆತ್ತಿದೆ. ಮೂರು ಸಲವೂ. ಹೊರಟೇ ಹೋಯಿತು.
ಮರೀಗೆ ಹೇಳಬೇಕು. ಅವಳ ಸುತ್ತ ದೊಡ್ಡ ಓದಿನವರು... ನನ್ನದು ಆರನೇ ಕ್ಲಾಸು. ನಾಳೆ.

ಜನವರಿ 12
ಹೇಳಲಿಲ್ಲ. ಬಾಗಿಲ ತನಕ ಹೋಗಿದ್ದೆ.

ಜನವರಿ 19
ಮೊನ್ನೆ ನಲವತ್ತಾರು ಡಿಗ್ರಿ; ಇಲ್ಲಿ ಜನವರಿ ಅಂದರೆ ನಡುಬೇಸಿಗೆ. ಹೊರಗೆ ಮರಳಲ್ಲಿ ಮಲಗಿದ್ದ ಮಾಮನ ಸೂಟಿನ ಫ್ಯಾನ್ ನಿಂತುಹೋಗಿತ್ತು. ಉಳಿದವರು ಒಳಗೆ, ಕಂಪ್ಯೂಟರ್ ಮುಂದೆ. ನಾನು ಅಡುಗೆಮನೆಯಲ್ಲಿ ಡಬ್ಬಿ ಮೀನು ಬಿಡಿಸುತ್ತಿದ್ದೆ.
ಇವತ್ತು ಗಸ್‌ನ ಕ್ಯಾಮೆರಾ ಆಗ ಹಿಡಿದ ವೀಡಿಯೊ ತೋರಿಸಿದರು.
"ಒಳಗೆ ಕರ್ಕೊಂಡು ಹೋಗ್ಲಾ?" ಗಸ್ ಮೂರು ಸಲ ಕೇಳುತ್ತದೆ. ಗಾಜಿನ ಹಿಂದೆ ಮಾಮನ ಹುಬ್ಬು ಏಳುತ್ತದೆ. ಮೂರು ಸಲವೂ. ಮೂರನೆಯದು ಬಹಳ ನಿಧಾನ. ಗಸ್ ಕಲ್ಲು ಹೆಕ್ಕಲು ಹೋಗುತ್ತದೆ.
"ಒಂದು ಮಾತು ಹೂಂ ಅಂದಿದ್ರೆ ಸಾಕಿತ್ತಲ್ಲ," ಅಂತ ಮರೀ ಅತ್ತಳು.
ನಾನೂ ಅತ್ತೆ. ಬೇರೆ ಕಾರಣಕ್ಕೆ.

ಜನವರಿ 24
ಮಾಮನ ಶವದ ಪೆಟ್ಟಿಗೆ ನಮ್ಮೂರು ತರಾವಾ ತಲುಪಿತು. ಫೋನಿನಲ್ಲಿ ಅತ್ತೆ, "ಸಹಾಯ ಬೇಡ ಅಂದ್ನಂತೆ? ಅಷ್ಟು ಹಟಮಾರಿನೇನೇ ನನ್ನ ಗಂಡ?"
ಲೈನು ಕಟ್ಟಾಗ್ತಿದೆ ಅಂದೆ. ನಾನೇ ಕಟ್ ಮಾಡಿದ್ದು.

ಜನವರಿ 28
ವಿಚಾರಣೆ. ಮಾಮನೇ ಸಹಾಯ ಬೇಡವೆಂದ — ವರದಿ ಹಾಗೇ ಹೋಗುತ್ತದಂತೆ. ಅದೇ ಪಾಠ ಕಲಿತ ಗಸ್ ಮಾರ್ಚಿನಲ್ಲಿ ನಿಜವಾದ ಚಂದ್ರನಿಗೆ.
"ಇದರ ಬಗ್ಗೆ ನಿಮಗೆ ಮೊದಲೇ ಏನಾದ್ರೂ ಗೊತ್ತಿತ್ತಾ, ತೆರೇತಿಯಾ?" ಅಧಿಕಾರಿ ಕೇಳಿದ.
ಹುಬ್ಬೆತ್ತಿದೆ.
ಕಾದ. ಮತ್ತೆರಡು ಸಲ ಕೇಳಿದ. ಹಾಳೆಯಲ್ಲಿ ಏನೋ ಗೀಚಿದ. "ಸರಿ ಬಿಡಿ ಪಾಪ, ಹೋಗಿ."

ಅದೇ ದಿನ, ಸಂಜೆ 5
ಅಧಿಕಾರಿಯ ಕಾರು ಇನ್ನೂ ಗೇಟಿನಲ್ಲೇ ಇದೆ. ಬಾಯಿಬಿಟ್ಟು ಹೇಳಬೇಕು. ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ, ಮರೆಯದ ಹಾಗೆ.
ಸರ್, ನನಗೆ ಗೊತ್ತಿತ್ತು. ಮಾಮ ಹೂಂ ಅಂದಿದ್ದ. ನಮ್ಮಲ್ಲಿ ಹುಬ್ಬು—
ಕಾರು ಶುರುವಾ—