ಲಾಭ ಅಂದವರು ಯಾರು

ಹುಣಸಮಾರನಹಳ್ಳಿ
20-1-1983

ಚಿಕ್ಕಬಾಣಾವರದಲ್ಲಿರುವ ಪ್ರೀತಿಯ ಅಣ್ಣ ಪಿಳ್ಳಣ್ಣನಿಗೆ ತಮ್ಮ ಸೊಣ್ಣಪ್ಪ ಮಾಡುವ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಅತ್ತಿಗೆಯ ಮಂಡಿನೋವು ಹೇಗಿದೆ? ವರ್ಷದಿಂದ ಕಾಗದ ಬರೆಯಲಿಲ್ಲ, ತಪ್ಪಾಯಿತು. ಬೆಳೆ ಕೈಗೆ ಬಂದ ಮೇಲೇ ನಿನ್ನ ಹತ್ತಿರ ಮಾತು ಅಂತ ಹಠ ಹಿಡಿದಿದ್ದೆ. ಬಂದಿದೆ, ಮೀಸೆ ತಿರುವಿಕೊಂಡೇ ಬರೆಯುತ್ತಿದ್ದೇನೆ.

ಅಮ್ಮನ ಗುಡಿಯ ಇನಾಂ ಹೊಲ ಪೂಜಾರಿಗಳಾದ ನಮ್ಮಿಬ್ಬರ ಹೆಸರಿಗೆ ಮಂಜೂರಾದ ದಿನ ಗುಡಿ ಮುಂದೆ ನಿಂತು ಹೇಳಿದೆನಲ್ಲ, "ನೆಲ ಅಮ್ಮಂದು. ತಾಯಿ ಮೊಲೆಹಾಲಿಗೆ ಯಾವನಾದ್ರೂ ಬೇಲಿ ಆಕ್ತಾನಾ? ದುಡಿಯೋರೆಲ್ಲ ಒಟ್ಟಿಗೆ ಉಳ್ರಿ, ಒಟ್ಟಿಗೆ ಉಣ್ರಿ." ಅಮ್ಮ ಮೈಮೇಲೆ ಬಂದಿದ್ದಾಳೆ ಅಂದುಕೊಂಡು ಇಬ್ಬರು ನಿಂಬೆಹಣ್ಣು ತಂದರು. ನೀನು ಮಾತ್ರ, "ಬಾಳ ಜನ ಸೇರಿದ್ರೆ ಆವು ಸಾಯಲ್ಲ ಕಣೋ" ಅಂದೆ.

ಸತ್ತಿತು ಅಣ್ಣ, ಹಾವು ಸತ್ತಿತು! ಹನ್ನೆರಡು ಮನೆಯವರು ಸೇರಿ ಉತ್ತೆವು. ಎತ್ತು ಖಾದರ್ ಬಾಷಾನದು. ಕಳೆ ಕೀಳುವಾಗ ಜಗಳವಾಡದ ದಿನವಿಲ್ಲ, ಆದರೂ ಒಬ್ಬರೂ ಬಿಟ್ಟುಹೋಗಲಿಲ್ಲ. ಅಂಥ ರಾಗಿ ಆ ಹೊಲದಲ್ಲಿ ನಾನು ಕಂಡಿರಲಿಲ್ಲ.

ಮೊನ್ನೆ ಕಣದಲ್ಲಿ ರಾಶಿ ಅಳೆಯುವಾಗ ಪೇಚಾಟವಾಯಿತು. ನಿನಗೆ ಗೊತ್ತೇ ಇದೆ, ಮೊದಲ ಕೊಳಗಕ್ಕೆ ‘ಒಂದು’ ಅನ್ನುವಂತಿಲ್ಲ, ‘ಲಾಭ’ ಅನ್ನಬೇಕು. ಅನ್ನಬೇಕಾದವನು ಹೊಲದ ಯಜಮಾನ. ಇಲ್ಲಿ ಯಜಮಾನ ಯಾರು? ಎಲ್ಲರೂ ನನ್ನ ಮುಖ ನೋಡಿದರು. ನಾನು ಹಿಂದೆ ಸರಿದು ಎಲ್ಲರ ನಡುವೆ ನಿಂತುಕೊಂಡೆ. ಖಾದರ್ ಬಾಷಾ ತುಂಬಿದ ಕೊಳಗ ಹಿಡಿದುಕೊಂಡು, "ಯಾರಾದ್ರೂ ಜಲ್ದಿ ಅನ್ರೋ, ಕೈ ಬಿದ್ದೋಗ್ತದೆ" ಅಂದ. ಆಗ ಅವನ ತಾಯಿ ಬದರುನ್ನೀಸಾ, ಆಯುಷ್ಯವೆಲ್ಲ ಕಂಡವರ ಕಣ ಗುಡಿಸಿದವಳು, ಪೊರಕೆ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, "ಲಾಭ" ಅಂದಳು. ಹಿಂದೆಯೇ ಹನ್ನೆರಡು ಮನೆಯವರೂ "ಲಾಭ!" ಅಂತ ಕೂಗಿದರು. ಹಕ್ಕಿಗಳೆಲ್ಲ ಎದ್ದು ಹಾರಿದವು. ನಾನು ಅತ್ತುಬಿಟ್ಟೆ, ನಾಚಿಕೆಯೇನಿಲ್ಲ.

ಅಮ್ಮ ನಿಮ್ಮ ಮನೆಯನ್ನು ತಂಪಾಗಿಟ್ಟಿರಲಿ.

ಇಂತಿ ನಿನ್ನ ತಮ್ಮ,
ಸೊಣ್ಣಪ್ಪ

ತಾ.ಕ: ಇದನ್ನು ಮರೆತು ಕೆಳಗೆ ಬರೆದದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಅಪ್ಪ ಹೋದ ಮೇಲೆ ಆ ಕಣದಲ್ಲಿ ‘ಲಾಭ’ ಅನ್ನುತ್ತಿದ್ದವನು ನೀನು. ನಿನ್ನ ಪಾಲನ್ನೂ ಸೇರಿಸಿ ಹೊಲವನ್ನು ಎಲ್ಲರಿಗೂ ಕೊಡುವ ಮೊದಲು ಹನ್ನೆರಡು ಮನೆಯವರನ್ನೂ ಕೇಳಿದೆ, ನಿನ್ನೊಬ್ಬನನ್ನು ಕೇಳಲಿಲ್ಲ. ನೀನು ಕಾಗದಕ್ಕೆ ರುಜು ಹಾಕಿ, ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದೆ. ಮೊದಲ ಕೊಳಗವನ್ನು ಯಾರೂ ಮುಟ್ಟದಂತೆ ಇಟ್ಟಿದ್ದೇನೆ. ಬಂದು ಬಯ್ಯಿ ಅಣ್ಣ, ಆಮೇಲೆ ಉಂಡು ಹೋಗು.