ಗೊತ್ತಿಲ್ಲ ಎಂದ ನನ್ನ ಸೊಸೆ

ಶಿಕಾರಿಪುರ
೮ ಡಿಸೆಂಬರ್ ೨೦೨೫, ಸೋಮವಾರ

ನಮ್ಮ ಮನೆಯ ಗಂಗಾಶ್ರೀಗೆ ಅತ್ತೆ ಬಸವಣ್ಣೆಮ್ಮನ ತುಂಬು ಮನಸ್ಸಿನ ಆಶೀರ್ವಾದ.

ಮೈ ಹೇಗಿದೆ? ಗಂಟಲು ಕಟ್ಟಿದ್ದು ಬಿಟ್ಟಿತೇ? ಮೈಸೂರಿನ ಚಳಿ ನಮ್ಮ ಕಡೆಯ ಚಳಿಯಂತಲ್ಲ ಎಂದು ನಿನ್ನ ಮಾವ ಹೇಳುತ್ತಾರೆ. ಅವರು ಮೈಸೂರು ನೋಡಿದ್ದು ಒಂದೇ ಸಲ, ಅದೂ ಬೇಸಿಗೆಯಲ್ಲಿ, ಆದರೂ ಹೇಳುತ್ತಾರೆ. ಹಾಸ್ಟೆಲಿನ ಮುದ್ದೆ ನಿನ್ನ ಗಂಟಲಲ್ಲಿ ಇಳಿಯುವುದಿಲ್ಲವೆಂದು ನನಗೆ ಗೊತ್ತು, ಅದಕ್ಕೇ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಕಳಿಸಿದ್ದೆ. ಅದನ್ನೆಲ್ಲಾ ರೂಮಿನ ಹುಡುಗಿಯರಿಗೆ ಹಂಚಿ ನೀನು ಬಿಸ್ಕತ್ತು ತಿಂದು ಮಲಗಿದೆ ಎಂದು ಕಿವಿಗೆ ಬಿದ್ದರೆ ಮೈಸೂರಿಗೇ ಬಂದು ಬೈಯುತ್ತೇನೆ. ಹಂಚಬೇಡ ಅನ್ನುತ್ತಿಲ್ಲ. ಮೊದಲು ನೀನು ತಿನ್ನು, ಆಮೇಲೆ ದಾನಶೂರಳಾಗು.

ಫೋನ್ ಇರುವಾಗ ಕಾಗದ ಯಾಕೆ ಅಂತ ನೀನು ಕೇಳಬಹುದು. ಫೋನಿನಲ್ಲಿ ನೀನು ಅಳುತ್ತೀ, ನಾನು ಬೈಯುತ್ತೇನೆ, ಅಷ್ಟರಲ್ಲಿ ಈಶ್ವರ ಬಂದು "ಕೊಡವ್ವ ಇತ್ಲಾಗೆ" ಎಂದು ಕಿತ್ತುಕೊಳ್ಳುತ್ತಾನೆ. ಹೆಂಡತಿಯ ಮೇಲೆ ಅವನಿಗೊಬ್ಬನಿಗೇ ಹಕ್ಕಿರುವ ಹಾಗೆ! ಕಾಗದವಾದರೆ ಯಾರೂ ಕಿತ್ತುಕೊಳ್ಳುವಂತಿಲ್ಲ, ನೀನೂ ನಡುವೆ ಬಾಯಿ ಹಾಕುವಂತಿಲ್ಲ. ನನ್ನದು ಏಳನೇ ಕ್ಲಾಸಿನ ಬರಹ, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

ಧನ್ಯಾ ಚೆನ್ನಾಗಿದ್ದಾಳೆ. ಮುಂದಿನ ಹಲ್ಲು ಬಿತ್ತು. ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಅವಳ ಕೈಯಿಂದಲೇ ಎಸೆಸಿದೆ. ಈಗ ಯಾರು ಏನು ಹೇಳಿದರೂ ಆ ಬೊಚ್ಚುಬಾಯಿ ತೆರೆದು, "ಅದಕ್ಕೆ ನಿಮಗೆ ಏನನ್ನಿಸ್ತು?" ಎಂದು ಕೇಳುತ್ತಾಳೆ. ಪಕ್ಕಾ ಅವ್ವನ ಮಗಳು. ಈಶ್ವರ ಜಡೆ ಹಾಕುವುದನ್ನು ಕಲಿತಿದ್ದಾನೆ, ಬೈತಲೆ ಮಾತ್ರ ಇನ್ನೂ ಸೊಟ್ಟ. ನಿನ್ನ ಮಾವ ನೀನು ಬಿಟ್ಟುಹೋದ ಮೊದಲನೇ ವರ್ಷದ ಮನಃಶಾಸ್ತ್ರದ ಪುಸ್ತಕವನ್ನು ಅಂಗಡಿಗೆ ಒಯ್ದು, ಬೀಜ ಗೊಬ್ಬರಕ್ಕೆ ಬಂದವರಿಗೆಲ್ಲಾ ಒಂದೊಂದು ರೋಗ ಹೇಳಿ ಕಳಿಸುತ್ತಿದ್ದರು. ಮೊನ್ನೆ ಊಟಕ್ಕೆ ಕೂತಾಗ ನನಗೂ ಒಂದು ಹೇಳಿದರು. ಪುಸ್ತಕ ಈಗ ಜೋಳದ ಡಬ್ಬಿಯಲ್ಲಿದೆ, ಅವರಿಗೆ ಹೇಳಬೇಡ.

ಇನ್ನು ವಿಷಯಕ್ಕೆ ಬರುತ್ತೇನೆ. ಹೋದ ಗುರುವಾರ ನೀನು ಫೋನ್ ಮಾಡಿ, "ಅತ್ತೀ, ನಾ ಪರೀಕ್ಷೆಗೆ ಕೂರಲ್ಲ. ಬಿಟ್ಟು ಬಂದುಬಿಡ್ತೀನಿ. ನಿಮ್ಮ ಮನಿ ಮಾನ ತೆಗೆದೆ" ಎಂದೆಯಲ್ಲ, ಅದಕ್ಕೆ ಉತ್ತರ ಈ ಕಾಗದ. ಅವತ್ತು ನನಗೆ ಬಹಳ ಸಿಟ್ಟು ಬಂದಿತ್ತು. ನಾಲ್ಕು ವರ್ಷದ ಮಗುವನ್ನು ನನ್ನ ಮಡಿಲಲ್ಲಿ ಹಾಕಿ, ಬಸ್ಸಿನ ಕಿಟಕಿಯಲ್ಲಿ ಮುಖ ಮುಚ್ಚಿಕೊಂಡು ಹೊರಟವಳು ನೀನು. ಎರಡು ವರ್ಷ ಓದಿ ಮೂರನೇ ವರ್ಷದ ಅರ್ಧಕ್ಕೆ ಬಂದು ನಿಂತಿದ್ದೀಯ. ಈಗ ಯಾರೋ ಏನೋ ಅಂದರೆಂದು ಬಿಟ್ಟು ಬರುತ್ತೀಯಾ? ನಮ್ಮ ಮನೆಯ ಮಾನ ಅಂದರೆ ಏನೆಂದು ತಿಳಿದಿದ್ದೀ ನೀನು?

ದೀಪಾವಳಿ ಅಮಾವಾಸ್ಯೆಯ ದಿನ ನಡೆದದ್ದನ್ನು ನಾನು ಮರೆತಿಲ್ಲ. ಸೊಸೆ ಮನಸ್ಸಿನ ಓದು ಓದುತ್ತಿದ್ದಾಳೆ, ಮನುಷ್ಯರು ಯಾಕೆ ಹಾಗೆ ಮಾಡುತ್ತಾರೆ ಯಾಕೆ ಹೀಗೆ ಮಾಡುತ್ತಾರೆ ಎನ್ನುವುದನ್ನೆಲ್ಲಾ ಕಲಿಯುತ್ತಿದ್ದಾಳೆ ಎಂದು ಮಠದಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಹೇಳಿಕೊಂಡು ಬಂದವಳು ನಾನೇ. ಹೇಳಿಕೊಳ್ಳದೆ ಇರಲು ನೀನೇನು ಕದ್ದು ಓದುತ್ತಿದ್ದೀಯಾ? ಜನ ಅದನ್ನು ತಮಗೆ ತಿಳಿದ ಹಾಗೆ ತಿಳಿದುಕೊಂಡರು. ನಮ್ಮ ಕಡೆ ಮನಸ್ಸಿಗೆ ಏನಾದರೂ ಆದರೆ ಅಮಾವಾಸ್ಯೆಗೆ ಕಾಯಿ, ನಿಂಬೆಹಣ್ಣು ಹಿಡಿದು, ದೇವರು ಮೈಮೇಲೆ ಬರುವವರ ಹತ್ತಿರ ಹೇಳಿಕೆ ಕೇಳಲು ಹೋಗುತ್ತಾರೆ. ಅದೇ ಪ್ರಕಾರ ನಮ್ಮ ಅಂಗಡಿ ಪೂಜೆಯ ಹೊತ್ತಿಗೆ ಸರಿಯಾಗಿ ನಿನ್ನ ಹತ್ತಿರ ಬಂದರು. ನೀನು ಆರತಿ ತಟ್ಟೆ ಹಿಡಿದು ಒಳಗಿನಿಂದ ಬರುವುದಕ್ಕೂ ಅವರು ಕಾಲು ತೊಳೆದುಕೊಂಡು ಸಾಲಾಗಿ ಕೂರುವುದಕ್ಕೂ ಸರಿಯಾಯಿತು. ಕೆಂಪಪ್ಪ ತನ್ನ ಎಮ್ಮೆ ಕರೆಯಲು ಕೂತರೆ ಒದೆಯುತ್ತದೆ, ಅದರ ಮನಸ್ಸಿನಲ್ಲಿ ಏನಿದೆ ಹೇಳಬೇಕು ಎಂದ. ಆಗ ನಿನ್ನ ಮುಖ ನೋಡಿ ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡೆ. ನೀನು ನಗಲಿಲ್ಲ. ಒಬ್ಬೊಬ್ಬರ ಮುಂದೆಯೂ ಕೂತು, ನಾನು ಇನ್ನೂ ಓದುವ ಹುಡುಗಿ, ಮುಖ ನೋಡಿ ಹೇಳುವ ವಿದ್ಯೆ ಇದಲ್ಲ, ನಿಮ್ಮ ಕಾಯಿ ವಾಪಸ್ ತೆಗೆದುಕೊಳ್ಳಿ ಎಂದು ಹೇಳಿದೆ.

ಕೊನೆಗೆ ಬಂದವಳು ಹೊಸಬಾಳೆಯ ಹೂವಮ್ಮ, ನಿನ್ನ ತವರಿನ ಓಣಿಯವಳೇ. ಸೊಸೆ ಅಶ್ವಿನಿಯನ್ನು ಕರೆತಂದಿದ್ದಳು. ಹೆತ್ತು ಮೂರು ತಿಂಗಳಾಗಿತ್ತು, ಮಗು ಹೂವಮ್ಮನ ಕಂಕುಳಲ್ಲಿ ಚೀರುತ್ತಿತ್ತು. ಆ ಹುಡುಗಿ ಯಾರದೋ ಮಗು ಎನ್ನುವಂತೆ ಗೋಡೆ ನೋಡುತ್ತಾ ನಿಂತಿದ್ದಳು. ಊಟವಿಲ್ಲ, ನಿದ್ದೆಯಿಲ್ಲ, ಮಗುವನ್ನು ಮುಟ್ಟುವುದಿಲ್ಲ. ಗಾಳಿ ಸೋಕಿದೆ ಎಂದು ದಾರ ಕಟ್ಟಿಸಿದ್ದಾಯಿತು, ಧೂಪ ಹಾಕಿಸಿದ್ದಾಯಿತು. ನೀನು ತಲೆಯ ಮೇಲೆ ಕೈ ಇಟ್ಟು ಒಂದು ನಿಂಬೆಹಣ್ಣು ಕೊಟ್ಟರೆ ಸಾಕೆಂದು ಹೂವಮ್ಮ ಸೆರಗೊಡ್ಡಿದಳು. ನೀನು ಅಶ್ವಿನಿಯನ್ನು ಕೂರಿಸಿ, ಅವಳ ಪಕ್ಕದಲ್ಲಿ ನೆಲದ ಮೇಲೆ ಬಹಳ ಹೊತ್ತು ಕೂತಿದ್ದೆ. ಆಮೇಲೆ ಎದ್ದು ಬಂದು ಹೇಳಿದೆ: "ದೊಡ್ಡವ್ವಾ, ಇದು ಗಾಳಿ ಅಲ್ಲ. ಇದಕ್ಕೆ ಮದ್ದು ಕೊಡಾಕೆ ನಂಗೊತ್ತಿಲ್ಲ, ಗೊತ್ತಿರೋ ಡಾಕ್ಟ್ರು ಶಿವಮೊಗ್ಗದಾಗೆ ಅದಾರೆ. ನಾಳೆನೇ ಹೋಗಾನ, ನಾನೂ ಬರ್ತೀನಿ."

ಹೂವಮ್ಮನಿಗೆ ಕೇಳಿಸಿದ್ದು ಒಂದೇ, ತುಂಬಿದ ಅಂಗಡಿಯಲ್ಲಿ ತನ್ನ ಸೊಸೆಗೆ ಹುಚ್ಚು ಎಂದುಬಿಟ್ಟರು ಎನ್ನುವುದು. "ಇಷ್ಟು ವರ್ಷ ಮಗು ಬಿಟ್ಟು ಹೋಗಿ ಕಲ್ತಿದ್ದು ನಂಗೊತ್ತಿಲ್ಲ ಅನ್ನಾದನ್ನಾ?" ಎಂದು ಎಲ್ಲರ ಎದುರಿಗೆ ಅಂದು ಕಾಯಿ ಎತ್ತಿಕೊಂಡು ಹೋದಳು. ಆ ಮಾತು ಸೊರಬದವರೆಗೂ ಹೋಯಿತು. ನಿನ್ನ ಅಪ್ಪ ಬಂಗಾರಪ್ಪನವರು, ನಾನು ಓಣಿಯಲ್ಲಿ ತಲೆ ಎತ್ತಿ ತಿರುಗದಂತೆ ಮಾಡಿದೆ ಎಂದು ಫೋನಿನಲ್ಲಿ ನಿನ್ನನ್ನು ಗದರಿದ್ದೂ ಗೊತ್ತು. ಗಂಡಸರಿಗೆ ತಲೆ ಎತ್ತುವುದು ಇಳಿಸುವುದು ಬಿಟ್ಟರೆ ಬೇರೆ ಕೆಲಸವಿಲ್ಲ.

ಈಗ ನಾನು ಹೇಳುವುದನ್ನು ಸಮಾಧಾನವಾಗಿ ಓದು. ಮೊದಲೇ ಹೇಳಿದ್ದರೆ ನೀನು ಪುಸ್ತಕ ಮುಚ್ಚಿಟ್ಟು ಮುಂದಿನ ಬಸ್ಸಿಗೇ ಬರುತ್ತಿದ್ದೆ, ಅದಕ್ಕೇ ಈಶ್ವರನ ಬಾಯಿಗೂ ಬೀಗ ಹಾಕಿದ್ದೆ. ನೀನು ಮೈಸೂರಿಗೆ ಹೋದ ಮುಂದಿನ ವಾರ ನಾನು ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ಹೊಸಬಾಳೆಗೆ ಹೋದೆ. ಜಗಳ ಆಡಲಿಕ್ಕೇ ಹೋದದ್ದು, ಸುಳ್ಳು ಯಾಕೆ ಹೇಳಲಿ. ಹೋಗಿ ನೋಡಿದರೆ ಹೂವಮ್ಮ ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಒಲೆಯ ಊದುಗೊಳವೆ ಹಿಡಿದು ಕೂತು ಅಳುತ್ತಿದ್ದಳು. ಜಗಳ ಎಲ್ಲಿಂದ ಬರಬೇಕು? ನಾನೇ ಒಲೆ ಉರಿಸಿ ಇಬ್ಬರಿಗೂ ಊಟಕ್ಕೆ ಹಾಕಿದೆ. ಆಸ್ಪತ್ರೆಗೆ ಕರೆದೊಯ್ಯಲು ಅವಳಿಗೂ ಮನಸ್ಸಿತ್ತು ಗಂಗಾ. ಆದರೆ ಐದು ತಿಂಗಳು ತುಂಬದ ಬಾಣಂತಿ ಗಾಡಿ ಹತ್ತಿದರೆ ಓಣಿಯವರೆಲ್ಲಾ ಎಲ್ಲಿಗೆ ಎಂದು ಕೇಳುತ್ತಾರೆ. ಹೇಳಿಕೆಗೆ ಎಂದರೆ ಯಾರೂ ಏನೂ ಅನ್ನುವುದಿಲ್ಲ, ಮನಸ್ಸಿನ ಡಾಕ್ಟರ ಹತ್ತಿರ ಎಂದರೆ ನಾಳೆ ಆ ಹುಡುಗಿಯ ಬಾಳು ಏನಾಗಬೇಕು? ಅವಳ ಭಯ ಅದು. ಅಶ್ವಿನಿಗೆ ತಾಯಿ ಇಲ್ಲ, ಚಿಕ್ಕಂದಿನಲ್ಲೇ ಹೋದಳಂತೆ, ಅದಕ್ಕೇ ಬಾಣಂತನ ಗಂಡನ ಮನೆಯಲ್ಲೇ ನಡೆದಿತ್ತು. ಅದು ಕಿವಿಗೆ ಬಿದ್ದದ್ದೇ ತಡ, ನನ್ನ ತಲೆ ಓಡಿತು.

ಹೆಣ್ಣುಮಗಳು ತವರಿಗೆ ಹೊರಟರೆ ಯಾವ ಓಣಿಯೂ ಯಾಕೆ ಎಂದು ಕೇಳುವುದಿಲ್ಲ. ಅದೇ ವಾರದ ಶುಕ್ರವಾರ ಈಶ್ವರನ ಕೈಯಲ್ಲಿ ಗಾಡಿ ತೆಗೆಸಿಕೊಂಡು, ಹಸಿರು ಕುಬುಸದ ಖಣ, ಬಳೆ, ಅರಿಶಿನ ಕುಂಕುಮ, ಬುತ್ತಿಗಂಟು ಎಲ್ಲಾ ಹಿಡಿದುಕೊಂಡು ಹೋದೆ. ಮನೆಯ ಒಳಗೆ ಹೋಗಲಿಲ್ಲ. ಓಣಿಯ ನಡುವೆ ನಿಂತು ಎಲ್ಲರಿಗೂ ಕೇಳುವ ಹಾಗೆ ಅಂದೆ: "ಹೂವಮ್ಮಾ, ನನ್ನ ಮಗಳ್ನ ಬಾಣಂತನಕ್ಕೆ ಕರ್ಕೊಂಡೋಗಾಕೆ ಬಂದೀನಿ, ಕಳಿಸಿಕೊಡು." ಹೂವಮ್ಮ ಒಳಗೆ ಹೋಗಿ ಅಶ್ವಿನಿಯ ತಲೆ ಬಾಚಿ, ಉಡಿ ತುಂಬಿ, ಮಗುವಿನ ಹಣೆಗೆ ಕಪ್ಪು ಇಟ್ಟು ಕರೆತಂದಳು. ನಿನ್ನ ಅಪ್ಪನೂ ಅಲ್ಲೇ ನಿಂತಿದ್ದರು. ನಿಮ್ಮ ಮಗಳು ಹೇಳಿದ ಕೆಲಸಕ್ಕೇ ಬಂದಿದ್ದೇನೆ ಬೀಗರೇ ಎಂದು ಅವರ ಕಿವಿಯಲ್ಲಿ ಅಂದೆ. ಮಗುವಿನ ತೊಟ್ಟಿಲನ್ನು ಅವರೇ ಹೊತ್ತು ತಂದು ಗಾಡಿಗೆ ಕಟ್ಟಿದರು.

ಮಾರನೆಯ ದಿನವೇ ಶಿವಮೊಗ್ಗಕ್ಕೆ ಕರೆದೊಯ್ದೆವು. ಡಾಕ್ಟರಮ್ಮ ಇನ್ನೂ ಸಣ್ಣ ವಯಸ್ಸಿನವರು, ಬಹಳ ಸಮಾಧಾನದವರು. ಹೆತ್ತ ಮೇಲೆ ಎಷ್ಟೋ ಹೆಣ್ಣುಮಕ್ಕಳಿಗೆ ಹೀಗಾಗುತ್ತದೆ, ಇದು ಕಾಯಿಲೆ, ಅವಳ ತಪ್ಪಲ್ಲ, ವಾಸಿಯಾಗುತ್ತದೆ ಎಂದರು. ಮಾತ್ರೆ ಕೊಟ್ಟಿದ್ದಾರೆ, ಹೋದಾಗಲೆಲ್ಲಾ ಕೂರಿಸಿಕೊಂಡು ಮಾತಾಡುತ್ತಾರೆ. ಯಾರು ಕಳಿಸಿದ್ದು ಎಂದು ಕೇಳಿದರು. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತು, ನನ್ನ ಸೊಸೆ, ಬಿ.ಎ. ಮನಃಶಾಸ್ತ್ರ, ಕೊನೆಯ ವರ್ಷ ಎಂದೆ. ಆಕೆ ಪೂಜೆಯ ದಿನದ ಕಥೆಯೆಲ್ಲಾ ಕೇಳಿಸಿಕೊಂಡು, "ನಿಮ್ಮ ಸೊಸೆ ಸರಿಯಾಗಿ ಓದಿದಾರೆ ಅಮ್ಮ" ಎಂದರು. ಗಂಗಾ, ಆ ಮಾತು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ಈಶ್ವರನ ಕಡೆ ನೋಡಿದರೆ ಅವನದೂ ಅದೇ ಪಾಡು.

ಈಗ ನೀನೇ ಹೇಳು, ಯಾರು ಮಾನ ತೆಗೆದದ್ದು? ಅಷ್ಟು ಜನ ಕಾಯಿ ಹಿಡಿದು ಕೂತಿದ್ದಾಗ ಒಂದು ನಿಂಬೆಹಣ್ಣು ಕೈಗಿಟ್ಟಿದ್ದರೆ ನಿನ್ನ ಹೆಸರು ಶಿರಾಳಕೊಪ್ಪ ದಾಟಿ ಹೋಗುತ್ತಿತ್ತು, ಮುಂದಿನ ಅಮಾವಾಸ್ಯೆಗೆ ಅಂಗಡಿಯ ಮುಂದೆ ಜಾತ್ರೆ ಸೇರುತ್ತಿತ್ತು. ನೀನು ಕೊಡಲಿಲ್ಲ. ಬೈಸಿಕೊಂಡೆಯೇ ಹೊರತು ಗೊತ್ತಿಲ್ಲದ್ದನ್ನು ಗೊತ್ತು ಅನ್ನಲಿಲ್ಲ. ನನಗಾಗಿದ್ದರೆ ಅಷ್ಟು ಗಟ್ಟಿತನ ಇರುತ್ತಿರಲಿಲ್ಲ, ಎಮ್ಮೆಗೂ ಒಂದು ಮಂತ್ರ ಹೇಳಿ ಕಳಿಸುತ್ತಿದ್ದೆ. ಮೊದಲನೇ ವರ್ಷದ ರಜೆಯಲ್ಲಿ ನೀನು ನನ್ನನ್ನು ಕೂರಿಸಿ, ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆ ತಿದ್ದಿಸಿದ್ದೆಯಲ್ಲ, ಪೆನ್ಸಿಲ್ಲು ಹೋಗಬೇಕಾದ ಕಡೆ ಬಿಟ್ಟು ಇನ್ನೆಲ್ಲಾ ಕಡೆ ಹೋಗಿ ನಾನು ಕನ್ನಡಿಗೇ ಬೈದಿದ್ದೆ. ಇಂಥ ಆಟಕ್ಕೆಲ್ಲಾ ಒಂದು ಡಿಗ್ರಿಯೇ ಎಂದು ಆಗ ಅನ್ನಿಸಿದ್ದು ನಿಜ. ಈಗ ಕೇಳಿದವರಿಗೆ ಕೇಳದವರಿಗೆ ಎಲ್ಲಾ ಹೇಳುತ್ತೇನೆ, ನನ್ನ ಸೊಸೆಯ ಓದು ಎಂಥದ್ದು ಎಂದು. ಬಾಯಿ ಮುಚ್ಚಿಕೊಂಡಿರು ಎಂದು ನೀನು ಹೇಳಿದರೂ ಹೇಳುತ್ತೇನೆ. ನಿನ್ನ ಮೇಲೆ ನನಗೆ ಬಹಳ ಹೆಮ್ಮೆ, ತಿಳಿಯಿತಾ? ಎದುರಿಗೆ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಜನವರಿಯ ಪರೀಕ್ಷೆಗೆ ಹೊಟ್ಟೆ ತುಂಬಾ ಉಂಡು ಹೋಗು. ತಲೆಗೆ ಎಣ್ಣೆ ಹಾಕಿಕೋ. ಮಾವ, ಈಶ್ವರ, ಧನ್ಯಾ ಎಲ್ಲರೂ ಕೇಳಿದ್ದಾರೆ ಎಂದು ತಿಳಿ. ನಿನ್ನ ರೂಮಿನ ಹುಡುಗಿಯರಿಗೂ ಒಳ್ಳೆಯದಾಗಲಿ, ಚಟ್ನಿಪುಡಿ ಇನ್ನೊಂದು ಡಬ್ಬಿ ಕಳಿಸುತ್ತೇನೆ. ಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅತ್ತೆ,
ಬಸವಣ್ಣೆಮ್ಮ

ಈಶ್ವರ ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಇವತ್ತು ಬೆಳಿಗ್ಗೆ ನಾನು ಅಡುಗೆಮನೆಯಲ್ಲಿದ್ದಾಗ ಮಗು ಅಳುವುದು ತಟ್ಟನೆ ನಿಂತಿತು. ಗಾಬರಿಯಾಗಿ ಓಡಿ ಹೋದೆ. ಅಶ್ವಿನಿ ತಾನೇ ಎತ್ತಿಕೊಂಡು ಹಾಲು ಕುಡಿಸುತ್ತಿದ್ದಳು. ನಾನು ಬಾಗಿಲಲ್ಲೇ ನಿಂತೆ. ಆಗ ಅವಳೇ ಮಾತು ತೆಗೆದು, "ಅಮ್ಮ, ನಿಮ್ಮ ಸೊಸೆ ಯಾವಾಗ ಬರ್ತಾರೆ? ಎಲ್ರೂ ನಂಗೆ ಏನಾಯ್ತು, ಮಗು ಯಾಕೆ ಎತ್ಕೊಳಲ್ಲ ಅಂತ ಕೇಳಿ ಕೇಳಿ ಸಾಯಿಸ್ತಿದ್ರು. ಅವತ್ತು ಅವರೊಬ್ರೇ ಏನೂ ಕೇಳ್ದೆ ನನ್ನ ಪಕ್ಕ ಕೂತಿದ್ದು" ಎಂದಳು. ಡಿಗ್ರಿ ಮುಗಿಸಿಯೇ ಬರುತ್ತಾಳೆ ಎಂದು ನಾನು ಮಾತು ಕೊಟ್ಟಿದ್ದೇನೆ. ತಾಯಿ ಮಗು ಇಬ್ಬರೂ ನಿನ್ನ ಕೋಣೆಯಲ್ಲಿದ್ದಾರೆ, ತೊಟ್ಟಿಲು ನಿನ್ನ ಮಂಚದ ಜಾಗದಲ್ಲಿದೆ. ಓದು ಬಿಟ್ಟು ಬಂದರೆ ಈ ಮನೆಯಲ್ಲಿ ನಿನಗೆ ಮಲಗಲು ಜಾಗವಿಲ್ಲ.